ಲೋಡ್ ಇಳಿಸಿದ ಮೇಲೆ ಲಾರಿ ತಗೊಂಡು ಊರಿಗೆ ಹೋಗಬಹುದಾ? ದಾವಣಗೆರೆ–ಚಿತ್ರದುರ್ಗದ ಡ್ರೈವರ್, ಓನರುಗಳಿಗೆ ಸಮಗ್ರ ಮಾರ್ಗದರ್ಶಿ

ದಾವಣಗೆರೆ ಎಪಿಎಂಸಿಯಲ್ಲಿ ಶನಿವಾರ ಮಧ್ಯಾಹ್ನ ಲೋಡ್ ಇಳೀತು ಅಂತಿಟ್ಟುಕೊಳ್ಳಿ. ಮುಂದಿನ ಲೋಡ್ ಸೋಮವಾರ, ಚಳ್ಳಕೆರೆಯ ಎಣ್ಣೆ ಮಿಲ್ಲಿಂದ. ಡ್ರೈವರ್ ಊರು ಜಗಳೂರು ಕಡೆ. ಗಾಡಿ ಖಾಲಿ, ಕೀ ಕೈಯಲ್ಲಿ, ಮನೆಯಲ್ಲಿ ಹಬ್ಬ. ನಮ್ಮ ಕಡೆ ನೂರಕ್ಕೆ ತೊಂಬತ್ತು ಡ್ರೈವರುಗಳು ಇಲ್ಲಿ ಯೋಚನೆ ಮಾಡುವುದಿಲ್ಲ, ಗೇರ್ ಹಾಕುತ್ತಾರೆ. ಏನೂ ಆಗದಿದ್ದರೆ ಯಾರೂ ಕೇಳುವುದಿಲ್ಲ. ಬೈಕಿನವನೊಬ್ಬ ಅಡ್ಡ ಬಂದ ದಿನ ಮಾತ್ರ ಪೊಲೀಸು, ಆರ್‌ಟಿಒ, ವಿಮೆ ಕಂಪನಿ, ಓನರ್ ಎಲ್ಲರೂ ಒಂದೇ ಪ್ರಶ್ನೆ ಕೇಳುತ್ತಾರೆ: ಈ ಗಾಡಿ ಈ ಹೊತ್ತಿಗೆ ಈ ರಸ್ತೆಯಲ್ಲಿ ಏಕಿತ್ತು?

ಡ್ಯೂಟಿ ಮುಗಿಯುವುದು ಡ್ರೈವರಿಗೆ, ಗಾಡಿಗೆ ಅಲ್ಲ. ಲಾರಿ ಯಾರ್ಡಿನಿಂದ ಹೊರಬಿದ್ದ ಕೂಡಲೇ ಅದು ಮತ್ತೆ ಸರಕು ಸಾಗಣೆ ವಾಹನವೇ. ಪರ್ಮಿಟ್, ಎಫ್‌ಸಿ (ಗಾಡಿ ಓಡಲು ಯೋಗ್ಯ ಎಂಬ ಪ್ರಮಾಣಪತ್ರ), ವಿಮೆ, ಕ್ಯಾಬಿನ್ನಿನಲ್ಲಿ ಎಷ್ಟು ಜನ ಎಂಬ ಲೆಕ್ಕ, ಎಲ್ಲವೂ ಭಾನುವಾರವೂ ಅಷ್ಟೇ ಬಿಗಿ. ಹಾಗಂತ ಖಾಲಿ ಲಾರಿಯಲ್ಲಿ ಊರಿಗೆ ಹೋಗುವುದೇ ಅಪರಾಧ ಎಂದೇನೂ ಇಲ್ಲ. ಸರಿಯಾಗಿ ಹೋಗುವ ದಾರಿ ಇದೆ, ಅದನ್ನೇ ಕೆಳಗೆ ಹೇಳಿದ್ದೇನೆ.

ಮೊದಲು ಯೂಟ್ಯೂಬ್ ಗೊಂದಲ ಬಿಡಿಸಿಕೊಳ್ಳಿ

ಅಮೆರಿಕದ ಟ್ರಕ್ ವಿಡಿಯೋ ನೋಡುವ ಹುಡುಗರು ‘ಪರ್ಸನಲ್ ಕನ್ವೇಯನ್ಸ್ ಹಾಕಿದರೆ ಆಯ್ತಲ್ಲ’ ಅನ್ನುತ್ತಾರೆ. ಅದು ಅಲ್ಲಿನ ವ್ಯವಸ್ಥೆ. ಅಮೆರಿಕದಲ್ಲಿ ಸರಕು ಲಾರಿ ಚಾಲಕ 14 ಗಂಟೆಯ ಅವಧಿಯೊಳಗೆ 11 ಗಂಟೆ ಮಾತ್ರ ಓಡಿಸಬೇಕು, ಮತ್ತೆ ಶುರು ಮಾಡುವ ಮೊದಲು ಸತತ 10 ಗಂಟೆ ಬಿಡುವು ಬೇಕು. ಕ್ಯಾಬಿನ್ನಿನಲ್ಲಿರುವ ಎಲೆಕ್ಟ್ರಾನಿಕ್ ಸಾಧನ ನಿಮಿಷ ನಿಮಿಷದ ಲೆಕ್ಕ ಇಡುತ್ತದೆ. ಕೆಲಸದಿಂದ ಪೂರ್ತಿ ಬಿಡುಗಡೆಯಾದವನು ಊಟಕ್ಕೋ ಮನೆಗೋ ಅದೇ ಟ್ರಕ್ ಓಡಿಸಿದರೆ ಆ ಹೊತ್ತನ್ನು ಡ್ಯೂಟಿಗೆ ಸೇರಿಸದೆ ಬರೆದುಕೊಳ್ಳಬಹುದು. ಅಷ್ಟೇ ಪರ್ಸನಲ್ ಕನ್ವೇಯನ್ಸ್. 2018ರಲ್ಲಿ ಅಲ್ಲಿನ ಫೆಡರಲ್ ಇಲಾಖೆ ಇದನ್ನು ಸ್ವಲ್ಪ ಸಡಿಲಿಸಿ, ಲೋಡ್ ಇದ್ದರೂ ಆಗುತ್ತದೆ ಎಂದಿತು. ಇಷ್ಟೇ ಮೈಲಿ ಎಂಬ ಮಿತಿಯೂ ಅಲ್ಲಿಲ್ಲ, ಆದರೆ ಕಂಪನಿ ತನ್ನದೇ ಮಿತಿ ಹಾಕಬಹುದು. ಹತ್ತಿರದಲ್ಲೇ ನಿಲ್ಲಿಸಲು ಜಾಗವಿದ್ದರೂ ಅದನ್ನು ದಾಟಿ ಮುಂದಿನ ಲೋಡಿನ ಸಮೀಪ ಹೋಗಿ ನಿಲ್ಲಿಸಿದರೆ, ಇಲ್ಲವೇ ಗಾಡಿಯನ್ನು ರಿಪೇರಿಗೆ ಒಯ್ದರೆ, ಅದು ಸ್ವಂತ ಓಡಾಟ ಅನ್ನಿಸಿಕೊಳ್ಳುವುದಿಲ್ಲ. ಪಕ್ಕದ ಕೆನಡಾದಲ್ಲಿ ಇನ್ನೂ ಬಿಗಿ: ಗಾಡಿ ಖಾಲಿ ಇರಬೇಕು, ಟ್ರೇಲರ್ ಕಳಚಿರಬೇಕು, ದಿನಕ್ಕೆ 75 ಕಿ.ಮೀ. ದಾಟುವಂತಿಲ್ಲ.

ನಮ್ಮ 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಇಂಥದ್ದೊಂದು ಗುಂಡಿ ಒತ್ತುವ ಸೌಲಭ್ಯ ಇಲ್ಲ. ಇಲ್ಲಿ ನೋಡುವುದು ಬೇರೆ ಮೂರು ಸಂಗತಿ: ಓನರ್ ಒಪ್ಪಿದ್ದನೇ, ಕಾಗದಪತ್ರ ಜೀವಂತ ಇವೆಯೇ, ಗಾಡಿಯಲ್ಲಿ ಯಾರು ಕೂತಿದ್ದರು.

ಹೆಜ್ಜೆ 1: ಓನರ್ ಒಪ್ಪಿಗೆ, ಬರಹದಲ್ಲಿ

ಮೋಟಾರು ವಾಹನ ಕಾಯ್ದೆಯ ಕಲಂ 197 ನೇರವಾಗಿದೆ. ಮಾಲೀಕನ ಒಪ್ಪಿಗೆಯಾಗಲಿ ಬೇರೆ ಅಧಿಕಾರವಾಗಲಿ ಇಲ್ಲದೆ ವಾಹನ ತೆಗೆದುಕೊಂಡು ಹೋದರೆ 3 ತಿಂಗಳವರೆಗೆ ಜೈಲು, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. 2019ರ ತಿದ್ದುಪಡಿಗೆ ಮೊದಲು ಈ ದಂಡ 500 ಇತ್ತು. ‘ಕೀ ನನ್ನ ಹತ್ರಾನೇ ಇರುತ್ತೆ, ಸಂಬಳದ ಡ್ರೈವರ್ ನಾನು’ ಎಂದರೆ ಸಾಲದು. ಕೀ ಕೊಟ್ಟದ್ದು ಲೋಡ್ ಸಾಗಿಸಲು.

ಅದೇ ಕಲಮಿನಲ್ಲಿ ಡ್ರೈವರಿಗೆ ಒಂದು ಆಸರೆಯೂ ಇದೆ. ‘ಕೇಳಿದ್ದರೆ ಓನರ್ ಒಪ್ಪುತ್ತಿದ್ದರು’ ಎಂದು ನಂಬಲು ಸಕಾರಣವಿತ್ತು ಎಂಬುದು ಕೋರ್ಟಿಗೆ ಮನದಟ್ಟಾದರೆ ಶಿಕ್ಷೆ ಇಲ್ಲ. ಹತ್ತು ಸಲ ಹಾಗೆ ಹೋಗಿ ಬಂದಿದ್ದರೆ, ಓನರ್ ಬೇಡ ಅಂದಿಲ್ಲದಿದ್ದರೆ ಅದು ನಿಮ್ಮ ಪರ ನಿಲ್ಲುತ್ತದೆ. ಆದರೆ ಅದನ್ನು ಸಾಬೀತು ಮಾಡುವ ಹೊತ್ತಿಗೆ ವಕೀಲರ ಫೀಸಿಗೆ ಎರಡು ತಿಂಗಳ ಬ್ಯಾಟಾ ಹೋಗಿರುತ್ತದೆ. ಒಂದು ವಾಟ್ಸಾಪ್ ಮೆಸೇಜಿಗೆ ಕಾಸಿಲ್ಲ. ಹೀಗೆ ಕಳಿಸಿ:

“ಅಣ್ಣಾ, ಎಪಿಎಂಸೀಲಿ ಅನ್‌ಲೋಡ್ ಆತು. ಗಾಡಿ ಖಾಲಿ ಐತೆ. ಸೋಮವಾರ ಬೆಳಿಗ್ಗೆ ಲೋಡಿಗೆ ಚಳ್ಳಕೆರೇಲಿ ಇರ್ತೀನಿ. ಅಲ್ಲಿಗಂಟ ಗಾಡಿ ತಗಂಡು ಊರಿಗೆ ಹೋಗಿ ಬರ್ಲಾ? ಕ್ಯಾಬಿನ್ನಾಗೆ ನಾನು, ಕ್ಲೀನರ್ ಇಬ್ರೇ. ಡೀಸೆಲ್ ನಂದು. ಮೀಟರ್ ಫೋಟೋ ಹಾಕೀನಿ ನೋಡ್ರಿ.”

ಉತ್ತರ ಇಷ್ಟು ಬಂದರೆ ಸಾಕು: “ಆತು, ಹೋಗಿ ಬಾರಪ್ಪ. ಬೇರೆ ಯಾರ್ನೂ ಹತ್ತಿಸ್ಬ್ಯಾಡ. ರೋಡ್ ಮ್ಯಾಗೆ ನಿಲ್ಲಿಸ್ಬ್ಯಾಡ.”

ಈ ಎರಡು ಮೆಸೇಜಿನಲ್ಲಿ ಎಲ್ಲಿಂದ ಎಲ್ಲಿಗೆ, ಯಾವಾಗ ವಾಪಸ್, ಯಾರ್‍ಯಾರು, ಡೀಸೆಲ್ ಯಾರದ್ದು, ಎಲ್ಲ ಬಂತು. ಫೋನಲ್ಲಿ ಮಾತಾಡಿ ಒಪ್ಪಿಗೆ ಪಡೆದಿದ್ದರೂ ಆಮೇಲೆ ‘ನೀವು ಹೇಳಿದಂಗೆ ಹೊರಟೆ ಅಣ್ಣಾ’ ಅಂತ ಒಂದು ಸಾಲು ಹಾಕಿಡಿ. ಉತ್ತರ ಬರದಿದ್ದರೆ ಒಪ್ಪಿಗೆ ಇಲ್ಲ ಎಂದೇ ತಿಳಿಯಿರಿ. ಗಾಡಿ ಟ್ರಾನ್ಸ್‌ಪೋರ್ಟ್ ಕಂಪನಿಯದ್ದಾಗಿದ್ದರೆ ಸೂಪರ್‌ವೈಸರ್ ಬಾಯಿಮಾತು ಸಾಲದು. ಗಾಡಿ ಬಿಡುವ ಅಧಿಕಾರ ಯಾರಿಗಿದೆಯೋ ಅವರಿಂದಲೇ ಬರಬೇಕು.

ಡೀಸೆಲ್ ಲೆಕ್ಕವನ್ನೂ ಒಮ್ಮೆ ಹಾಕಿ ನೋಡಿ. ಲೀಟರಿಗೆ 4 ಕಿ.ಮೀ. ಕೊಡುವ ಹನ್ನೆರಡು ಚಕ್ರದ ಗಾಡಿಗೆ ಹೋಗಿ ಬರುವ ನೂರು ಕಿ.ಮೀ.ಗೆ 25 ಲೀಟರ್ ಬೇಕು. ಅಂದರೆ ಎರಡು ಸಾವಿರದ ಮೇಲೆ. ಹೈವೇ ಹಿಡಿದರೆ ಟೋಲ್ ಬೇರೆ. ಚಿತ್ರದುರ್ಗ–ದಾವಣಗೆರೆ ನಡುವೆ ಹೆಬ್ಬಾಳು, ಹಿರಿಯೂರು ಕಡೆ ಗುಯಿಲಾಳು, ರಾಣೆಬೆನ್ನೂರು ಕಡೆ ಚಳಗೇರಿ. ಟೋಲಿನಲ್ಲಿ ನೋಡುವುದು ಗಾಡಿಯ ವರ್ಗ, ಲೋಡ್ ಇದೆಯೋ ಇಲ್ಲವೋ ಎಂದಲ್ಲ. 2025ರ ಆಗಸ್ಟ್‌ನಲ್ಲಿ ಬಂದ 3,000 ರೂಪಾಯಿ ವಾರ್ಷಿಕ ಪಾಸ್ ಸ್ವಂತ ಕಾರು, ಜೀಪು, ವ್ಯಾನಿಗೆ ಮಾತ್ರ, ಲಾರಿಗೆ ನಡೆಯುವುದಿಲ್ಲ. ನನ್ನ ಕೇಳಿದರೆ, ಊರಿಗೆ ಬಸ್ಸು ಇದ್ದು ಗಾಡಿ ನಿಲ್ಲಿಸಲು ಭದ್ರವಾದ ಯಾರ್ಡ್ ಇದ್ದರೆ, ಗಾಡಿ ಅಲ್ಲೇ ಬಿಟ್ಟು ಬಸ್ ಹತ್ತುವುದೇ ಜಾಣತನ. ಡ್ರೈವರುಗಳು ಇದಕ್ಕೆ ಒಪ್ಪುವುದಿಲ್ಲ. ಬ್ಯಾಟರಿ, ಡೀಸೆಲ್ ಕದಿಯುತ್ತಾರೆ ಅನ್ನುತ್ತಾರೆ. ಆ ಮಾತೂ ಸುಳ್ಳಲ್ಲ.

ಹೆಜ್ಜೆ 2: ಪರ್ಮಿಟ್ ಏನು ಹೇಳುತ್ತದೆ ಓದಿ

ಪರ್ಮಿಟ್ ಕಾಗದವನ್ನು ಪೂರ್ತಿ ಓದಿದ ಡ್ರೈವರ್ ಸಿಗುವುದು ಅಪರೂಪ. ಓದಿ. ಅದರಲ್ಲಿ ಮೂರು ವಿಷಯ ಇರುತ್ತವೆ: ಯಾವ ಪ್ರದೇಶ, ಯಾವ ಉದ್ದೇಶ, ಯಾವ ತಾರೀಕಿನವರೆಗೆ. ಪರ್ಮಿಟ್ ಇಲ್ಲದೆ ಓಡಿಸಿದರೂ, ಮಾರ್ಗ, ಪ್ರದೇಶ, ಉದ್ದೇಶದ ಷರತ್ತು ಮುರಿದರೂ ಕಲಂ 192ಎ ಬೀಳುತ್ತದೆ. ಕಾಯ್ದೆಯ ಪ್ರಕಾರ ಮೊದಲ ಸಲಕ್ಕೆ 6 ತಿಂಗಳವರೆಗೆ ಜೈಲು ಮತ್ತು 10,000 ರೂಪಾಯಿ ದಂಡ. ಎರಡನೇ ಸಲ ಇನ್ನೂ ಹೆಚ್ಚು. ಇದು ಓಡಿಸಿದವನಿಗೂ ಬೀಳುತ್ತದೆ, ಓಡಿಸಲು ಬಿಟ್ಟವನಿಗೂ ಬೀಳುತ್ತದೆ.

ಪರ್ಮಿಟ್ ಜಾರಿಯಲ್ಲಿದ್ದು, ಅದರ ವ್ಯಾಪ್ತಿಯೊಳಗೆ, ಖಾಲಿ ಗಾಡಿಯನ್ನು ಡ್ರೈವರ್ ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಒಯ್ದರೆ ಅದರಿಂದಲೇ ಉದ್ದೇಶ ಮುರಿದಂತೆ ಆಗುವುದಿಲ್ಲ. ಉದ್ದೇಶ ಮುರಿಯುವುದು ಸರಕಿನ ಗಾಡಿಯಲ್ಲಿ ಜನ ತುಂಬಿದಾಗ. ಅದನ್ನು ಮುಂದೆ ನೋಡೋಣ. ಹೆಂಡತಿಯ ತವರಿನ ಬೀರು, ಮನೆ ಕಟ್ಟಲು ಇಟ್ಟಿಗೆ, ಹಸುವಿಗೆ ಮೇವು ಹಾಕಿಕೊಂಡರೆ? ಕಾಯ್ದೆಯಲ್ಲಿ ಸರಕು ಅಂದರೆ ಬದುಕಿರುವ ಮನುಷ್ಯರನ್ನು ಬಿಟ್ಟು ಗಾಡಿ ಸಾಗಿಸುವ ಬಹುತೇಕ ಎಲ್ಲವೂ, ದನಕರುವೂ ಸೇರಿ. ಹಾಗಾಗಿ ನಿಮ್ಮದೇ ಸಾಮಾನು ಸರಕೇ. ಓನರ್‌ಗೆ ತಿಳಿಸಿ ಹಾಕಿಕೊಳ್ಳಿ.

ಎರಡು ವಿನಾಯಿತಿ ನೆನಪಿರಲಿ. ಒಟ್ಟು ತೂಕ 3,000 ಕೆ.ಜಿ. ದಾಟದ ಚಿಕ್ಕ ಸರಕು ಗಾಡಿಗಳಿಗೆ ಕಲಂ 66ರ ಪರ್ಮಿಟ್ಟೇ ಬೇಕಿಲ್ಲ. ನಮ್ಮ ಸಂತೆಗಳಿಗೆ ತರಕಾರಿ ತರುವ ಪುಟ್ಟ ಗಾಡಿಗಳಲ್ಲಿ ಬಹಳಷ್ಟು ಇದರಲ್ಲೇ ಬರುತ್ತವೆ. ಇನ್ನೊಂದು, ಗಾಡಿ ಖಾಲಿಯಾಗಿ ರಿಪೇರಿಗೆಂದೇ ಹೋಗುತ್ತಿದ್ದರೆ ಪರ್ಮಿಟ್ ಮುಗಿದಿದ್ದರೂ ಆ ಕಲಂ ಅಡ್ಡ ಬರುವುದಿಲ್ಲ. ಆದರೆ ರಿಪೇರಿ ನೆಪ ಹೇಳಿ ಊರಿನ ಹಬ್ಬದ ಪೆಂಡಾಲಿನ ಪಕ್ಕ ಸಿಕ್ಕಿಬಿದ್ದರೆ ಬ್ರೇಕ್ ಇನ್‌ಸ್ಪೆಕ್ಟರ್ (ಮೋಟಾರು ವಾಹನ ನಿರೀಕ್ಷಕರು) ನಗುತ್ತಾರೆ ಅಷ್ಟೇ, ಬಿಡುವುದಿಲ್ಲ.

ಎಫ್‌ಸಿ, ವಿಮೆ, ಹೊಗೆ ತಪಾಸಣೆ, ತೆರಿಗೆ, ಎಲ್ಲದರ ತಾರೀಕು ನೋಡಿ. ಡಿಜಿಲಾಕರ್ ಅಥವಾ ಎಂ-ಪರಿವಾಹನ್‌ನಲ್ಲಿ ತೋರಿಸಿದರೆ ನಡೆಯುತ್ತದೆ, ಜೆರಾಕ್ಸ್ ಕಂತೆ ಬೇಕಿಲ್ಲ.

ಲೈಸೆನ್ಸ್ ವಿಷಯದಲ್ಲಿ ಹೇಳಬೇಕಾದ್ದು ಒಂದೇ: ರಜೆಯ ದಿನ ಕ್ಲೀನರ್ ಹುಡುಗನಿಗೆ ಸ್ಟೇರಿಂಗ್ ಕೊಡಬೇಡಿ. ಖಾಲಿ ಗಾಡಿ, ಹಳ್ಳಿ ರಸ್ತೆ, ಕಲೀಲಿ ಬಿಡು ಎಂಬ ಉದಾರತೆಗೆ ಲೈಸೆನ್ಸ್ ಇಲ್ಲದೆ ಓಡಿಸಿದವನಿಗೆ 5,000, ಓಡಿಸಲು ಬಿಟ್ಟವನಿಗೆ 5,000. ಅಪಘಾತವಾದರೆ ವಿಮೆ ಕಂಪನಿ ಮೊದಲು ಹಿಡಿಯುವ ಎಳೆಯೂ ಇದೇ. ಇನ್ನು ಕಾರಿನ ಎಲ್‌ಎಂವಿ (ಹಗುರ ವಾಹನ) ಲೈಸೆನ್ಸಿನಲ್ಲೇ ಚಿಕ್ಕ ಸರಕು ಗಾಡಿ ಓಡಿಸಬಹುದೇ ಎಂಬ ಹಳೇ ಜಗಳ 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದಲ್ಲಿ ತೀರ್ಮಾನವಾಗಿದೆ. 7,500 ಕೆ.ಜಿ. ಒಳಗಿನ ಗಾಡಿಗೆ ನಡೆಯುತ್ತದೆ. ಹತ್ತು ಚಕ್ರ, ಹನ್ನೆರಡು ಚಕ್ರದವರಿಗೆ ಇದು ಸಂಬಂಧವಿಲ್ಲ.

ಹೆಜ್ಜೆ 3: ಲೋಡ್ ಇದ್ದರೆ ಊರಿನ ದಾರಿ ಹಿಡಿಯಬೇಡಿ

ಲೋಡ್ ಇರುವ ಗಾಡಿ ನಿಮ್ಮದೂ ಅಲ್ಲ, ಓನರದ್ದೂ ಅಲ್ಲ. ಅರ್ಧ ಪಾಲು ಸರಕಿನವನದ್ದು. 50,000 ರೂಪಾಯಿಗೆ ಮೇಲ್ಪಟ್ಟ ಸರಕಿಗೆ ಇ-ವೇ ಬಿಲ್ (ಸರಕು ಸಾಗಿಸಲು ಜಿಎಸ್‌ಟಿಯಡಿ ಆನ್‌ಲೈನಲ್ಲಿ ಮಾಡುವ ಬಿಲ್) ಇರುತ್ತದೆ. ಅದಕ್ಕೆ 200 ಕಿ.ಮೀ.ಗೆ ಒಂದು ದಿನದಂತೆ ಆಯುಷ್ಯ. ಬೆಂಗಳೂರಿಂದ ದಾವಣಗೆರೆಗೆ ಸುಮಾರು 260 ಕಿ.ಮೀ., ಅಂದರೆ ಎರಡು ದಿನ. ಶುಕ್ರವಾರ ಸಂಜೆ ಬಿಲ್ ಆದರೆ ಮೊದಲ ದಿನ ಮುಗಿಯುವುದು ಶನಿವಾರ ಮಧ್ಯರಾತ್ರಿ, ಎರಡನೆಯದು ಭಾನುವಾರ ಮಧ್ಯರಾತ್ರಿ. ದಾರಿಯಲ್ಲಿ ಹಿರಿಯೂರಿಂದ ತಿರುಗಿ ಹೊಸದುರ್ಗದ ಊರಿಗೆ ಹೋಗಿ, ಭಾನುವಾರ ಬಾಡೂಟ ಮುಗಿಸಿ, ಸೋಮವಾರ ಬೆಳಿಗ್ಗೆ ಹೆದ್ದಾರಿಗೆ ಬಂದರೆ ಬಿಲ್ ಸತ್ತಿರುತ್ತದೆ. ಅವಧಿ ವಿಸ್ತರಿಸಲು ಮುಗಿಯುವ 8 ಗಂಟೆ ಮೊದಲಿನಿಂದ ಮುಗಿದ 8 ಗಂಟೆಯವರೆಗೆ ಅವಕಾಶವಿದೆ. ಅದನ್ನು ಮಾಡಬೇಕಾದದ್ದು ಟ್ರಾನ್ಸ್‌ಪೋರ್ಟಿನವರು, ಅವರಿಗೆ ಹೇಳಬೇಕಾದದ್ದು ನೀವು. ಕಾರಣ ಏನಂತ ಹೇಳುತ್ತೀರಿ?

ಇಂಥದ್ದೇ ರಸ್ತೆಯಲ್ಲಿ ಹೋಗಬೇಕೆಂದು ಬಿಲ್ಲಿನಲ್ಲಿ ಬರೆದಿರುವುದಿಲ್ಲ, ನಿಜ. ಆದರೆ ಮಂಗಳೂರಿಗೆ ಹೋಗಬೇಕಾದ ಸರಕು ಜಗಳೂರಿನಲ್ಲಿ ಸಿಕ್ಕರೆ ವಾಣಿಜ್ಯ ತೆರಿಗೆಯವರಿಗೆ ಅನುಮಾನ ಬರದೆ ಇರುತ್ತದೆಯೇ? ಜಿಎಸ್‌ಟಿ ಕಾಯ್ದೆಯ ಕಲಂ 129ರಲ್ಲಿ ಗಾಡಿ ಸಮೇತ ಸರಕು ತಡೆಹಿಡಿಯುವ ಅಧಿಕಾರ ಅವರಿಗಿದೆ. ಮೂಟೆ ನೆನೆದರೆ, ಕಡಿಮೆಯಾದರೆ ಸಾಗಣೆದಾರನೇ ಹೊಣೆ. ಆ ಹೊಣೆ ಓನರ್ ಮೂಲಕ ಬಂದು ನಿಮ್ಮ ಸಂಬಳದ ಮೇಲೆ ಕೂರುತ್ತದೆ. ಈರುಳ್ಳಿ ಲೋಡ್ ಆಗಿದ್ದರಂತೂ ಕಾಗದಪತ್ರ ನೋಡುವ ಮೊದಲೇ ವಾಸನೆ ಬಂದಿರುತ್ತದೆ.

ಲೋಡ್ ಇದ್ದಾಗ ಊಟ, ನಿದ್ದೆ, ಸ್ನಾನಕ್ಕೆ ದಾರಿಯಲ್ಲೇ ಸಿಗುವ ಡಾಬಾ, ಬಂಕ್, ಲಾರಿ ಯಾರ್ಡ್ ಅಷ್ಟಕ್ಕೇ ತಿರುಗಿ. ಮನೆಗೆ ಅಲ್ಲ.

ಹೆಜ್ಜೆ 4: ಕ್ಯಾಬಿನ್ನಿನಲ್ಲಿ, ಹಿಂದೆ ಯಾರು ಕೂರಬಹುದು

ಎಲ್ಲ ಹೆಜ್ಜೆಗಳಲ್ಲಿ ಮನೆ ಮುಳುಗಿಸುವುದು ಇದು. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆಗೆ, ದಾವಣಗೆರೆಯ ದುಗ್ಗಮ್ಮನ ಹಬ್ಬಕ್ಕೆ, ಮದುವೆ ದಿಬ್ಬಣಕ್ಕೆ ಲಾರಿ ಹಿಂದೆ ಜಮಖಾನ ಹಾಸಿ ಜನ ಕೂರಿಸಿಕೊಂಡು ಹೋಗುವುದು ನಮ್ಮಲ್ಲಿ ಮೊದಲಿಂದ ಬಂದದ್ದು. ಓಣಿಯವರು ಕೇಳಿದಾಗ ಇಲ್ಲ ಅನ್ನಲು ಬಾಯಿ ಬರುವುದಿಲ್ಲ. ಆದರೂ ಅನ್ನಬೇಕು, ಏಕೆಂದು ಕೇಳಿ.

1989ರ ಕರ್ನಾಟಕ ಮೋಟಾರು ವಾಹನ ನಿಯಮಗಳ 100ನೇ ನಿಯಮದ ಪ್ರಕಾರ ಸರಕು ಗಾಡಿಯಲ್ಲಿ ಜನರನ್ನು ಒಯ್ಯುವಂತಿಲ್ಲ. ಓನರ್, ಗಾಡಿ ಬಾಡಿಗೆಗೆ ಪಡೆದವನು, ಇವರ ನಿಜವಾದ ಕೆಲಸಗಾರರು (ಹಣ ಪಡೆಯದೆ), ಡ್ಯೂಟಿ ಮೇಲೆ ಸಮವಸ್ತ್ರದಲ್ಲಿರುವ ಪೊಲೀಸರು, ಇವರಿಗಷ್ಟೇ ವಿನಾಯಿತಿ, ಅದಕ್ಕೂ ಸಂಖ್ಯೆಯ ಮಿತಿ ಇದೆ. ಈ ಪಟ್ಟಿಯಲ್ಲಿ ಡ್ರೈವರಿನ ಹೆಂಡತಿ ಮಕ್ಕಳಿಲ್ಲ, ಅತ್ತೆ ಮಾವ ಇಲ್ಲ, ದಾರಿಯಲ್ಲಿ ಕೈ ಅಡ್ಡ ಹಾಕಿದ ಪರಿಚಯದವರಿಲ್ಲ. ಆರ್‌ಸಿಯಲ್ಲಿ (ನೋಂದಣಿ ಪತ್ರದಲ್ಲಿ) ಬರೆದ ಸೀಟಿಗಿಂತ ಹೆಚ್ಚು ಜನರಿದ್ದರೆ ಕಲಂ 194ಎ ಪ್ರಕಾರ ತಲೆಗೆ 200 ರೂಪಾಯಿ. ಇಷ್ಟೇನಾ ಎನ್ನಬೇಡಿ. ಹೆಚ್ಚಿನ ಜನರನ್ನು ಇಳಿಸಿ, ಅವರಿಗೆ ಬೇರೆ ಗಾಡಿಯ ವ್ಯವಸ್ಥೆ ಆಗುವವರೆಗೆ ಲಾರಿ ಕದಲುವಂತಿಲ್ಲ ಎಂದೂ ಅಲ್ಲೇ ಇದೆ. ಜಾತ್ರೆಯ ದಿನ ಹೆಂಗಸರು ಮಕ್ಕಳನ್ನು ಇಳಿಸಿಕೊಂಡು ಚಳ್ಳಕೆರೆ ರಸ್ತೆಯಲ್ಲಿ ಬೇರೆ ಗಾಡಿ ಹುಡುಕಿ ನೋಡಿ, ಗೊತ್ತಾಗುತ್ತದೆ. ಇದರ ಜೊತೆಗೆ ಪರ್ಮಿಟ್ ಉದ್ದೇಶ ಮುರಿದದ್ದಕ್ಕೆ 192ಎ ಬೇರೆ.

ದಂಡಕ್ಕಿಂತ ದೊಡ್ಡದು ವಿಮೆ. ಗಾಡಿಯ ಪಾಲಿಸಿ ತೆಗೆದು, ಬಳಕೆಯ ಮಿತಿ ಎಂಬ ಭಾಗ ಹುಡುಕಿ. ಸಣ್ಣ ಅಕ್ಷರದಲ್ಲಿರುತ್ತದೆ. ಸರಕು ಗಾಡಿಯ ಪಾಲಿಸಿಯಲ್ಲಿ ಅಲ್ಲಿ ಬರೆದಿರುವುದು ಇಷ್ಟು: ಆರ್‌ಸಿಯಲ್ಲಿ ಅನುಮತಿಸಿದ ಸಂಖ್ಯೆಯೊಳಗಿನ, ಕಾರ್ಮಿಕರ ಪರಿಹಾರ ಕಾಯ್ದೆಯಡಿ ಬರುವ ಕೆಲಸಗಾರರನ್ನು ಬಿಟ್ಟು ಬೇರೆ ಪ್ರಯಾಣಿಕರನ್ನು ಒಯ್ಯುವ ಬಳಕೆಗೆ ಈ ವಿಮೆ ಇಲ್ಲ. ಸುಪ್ರೀಂ ಕೋರ್ಟಿನ ಮಾತೂ ಇದೇ. ಆಶಾ ರಾಣಿ ಪ್ರಕರಣದಲ್ಲಿ, ಆಮೇಲೆ 2004ರ ಬಲ್ಜಿತ್ ಕೌರ್ ಪ್ರಕರಣದಲ್ಲಿ, ಸರಕು ಗಾಡಿಯಲ್ಲಿ ಪುಕ್ಕಟೆ ಕೂತ ಪ್ರಯಾಣಿಕರ ಹೊಣೆ ವಿಮೆ ಕಂಪನಿಯದ್ದಲ್ಲ ಎಂದು ತೀರ್ಪಾಗಿದೆ. 1994ರ ತಿದ್ದುಪಡಿಯಲ್ಲಿ ರಕ್ಷಣೆ ಸಿಕ್ಕಿದ್ದು ಸರಕಿನ ಮಾಲೀಕನಿಗೆ ಅಥವಾ ಅವನ ಪ್ರತಿನಿಧಿಗೆ, ಅದೂ ಸರಕಿನ ಜೊತೆ ಹೋಗುವಾಗ.

ಅಂದರೆ ದಿಬ್ಬಣದ ಲಾರಿ ಪಲ್ಟಿ ಹೊಡೆದು ಹತ್ತು ಜನ ಸತ್ತರೆ ಪರಿಹಾರ ಕೊಡಬೇಕಾದವನು ಓನರ್. ಹತ್ತು ಕುಟುಂಬಕ್ಕೆ. ಲಾರಿ ಮಾರಿದರೂ, ಹೊಲ ಮಾರಿದರೂ ಮುಟ್ಟುವುದಿಲ್ಲ. ಕೆಲವು ಪ್ರಕರಣಗಳಲ್ಲಿ ಕಂಪನಿ ಮೊದಲು ಕೊಡಲಿ, ಆಮೇಲೆ ಓನರಿಂದ ವಸೂಲಿ ಮಾಡಿಕೊಳ್ಳಲಿ ಎಂದು ಕೋರ್ಟ್ ಹೇಳಿದ್ದಿದೆ. ಸತ್ತವರ ಮನೆಗೆ ದುಡ್ಡು ಸಿಕ್ಕೀತು, ಓನರ್ ತಲೆ ಮೇಲಿನ ಸಾಲ ಹಾಗೇ ಇರುತ್ತದೆ.

ಓನರೇ ಡ್ರೈವರ್ ಆಗಿದ್ದರೂ ಇದರಿಂದ ತಪ್ಪಿಸಿಕೊಳ್ಳಲಾಗದು. ‘ನನ್ನ ಗಾಡಿ, ನನ್ನ ಹೆಂಡತಿ, ಕೇಳೋಕೆ ನೀವ್ಯಾರು’ ಎಂಬ ಮಾತು ಹೆಬ್ಬಾಳು ಟೋಲ್ ಹತ್ತಿರ ಚೆನ್ನಾಗಿ ಕೇಳಿಸುತ್ತದೆ, ಪರಿಹಾರ ನ್ಯಾಯಮಂಡಳಿಯಲ್ಲಿ ಕೇಳಿಸುವುದಿಲ್ಲ. ಓನರ್-ಡ್ರೈವರಿಗೆ ಕಡ್ಡಾಯವಾಗಿರುವ 15 ಲಕ್ಷದ ಅಪಘಾತ ವಿಮೆಯೂ ಆತನೊಬ್ಬನಿಗೆ ಮಾತ್ರ.

ಹೆಜ್ಜೆ 5: ತುರ್ತು ಬಂದರೆ ಕಾನೂನು ದಾರಿ ಬಿಟ್ಟಿದೆ, ಆದರೆ 7 ದಿನದೊಳಗೆ ಬರೆದುಕೊಡಿ

ರಾತ್ರಿ ಒಂದು ಗಂಟೆ. ಊರಲ್ಲಿ ಯಾರಿಗೋ ಹಾವು ಕಚ್ಚಿದೆ, ಇಲ್ಲವೇ ಹೆರಿಗೆ ನೋವು. 108 ಬರುವುದು ತಡವಾಗುತ್ತದೆ ಅನ್ನುತ್ತಿದ್ದಾರೆ. ಊರಲ್ಲಿರುವ ದೊಡ್ಡ ಗಾಡಿ ನಿಮ್ಮ ಲಾರಿ ಒಂದೇ. ಹತ್ತಿಸಿಕೊಂಡು ಹೊರಡಿ. ಕಲಂ 192ಎ ತಾನೇ ಹೇಳುತ್ತದೆ: ಕಾಯಿಲೆ ಬಿದ್ದವರನ್ನು, ಗಾಯಗೊಂಡವರನ್ನು ತುರ್ತಾಗಿ ಒಯ್ಯಲು, ಕಷ್ಟದಲ್ಲಿರುವವರಿಗೆ ಆಹಾರ, ಔಷಧಿ ಸಾಗಿಸಲು ಗಾಡಿ ಬಳಸಿದರೆ ಈ ಶಿಕ್ಷೆ ಅನ್ವಯಿಸುವುದಿಲ್ಲ. ಷರತ್ತು ಒಂದೇ. ಹಾಗೆ ಬಳಸಿದ ದಿನದಿಂದ 7 ದಿನದೊಳಗೆ ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೆ ವರದಿ ಮಾಡಬೇಕು.

ಈ ಎರಡನೇ ಭಾಗ ಬಹಳ ಜನರಿಗೆ ಗೊತ್ತೇ ಇಲ್ಲ. ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು, ಆರ್‌ಟಿಒ ಕಾರ್ಯದರ್ಶಿ. ಹಾಗಾಗಿ ಪತ್ರವನ್ನು ಆರ್‌ಟಿಒ ಕಚೇರಿಯಲ್ಲಿ ಕೊಟ್ಟರಾಯಿತು. ಒಕ್ಕಣೆ ಹೀಗಿರಲಿ:

“ಕಾರ್ಯದರ್ಶಿಗಳು, ಪ್ರಾದೇಶಿಕ ಸಾರಿಗೆ ಪ್ರಾಧಿಕಾರ, ದಾವಣಗೆರೆ, ಇವರಿಗೆ. ವಿಷಯ: ಮೋಟಾರು ವಾಹನ ಕಾಯ್ದೆ 1988ರ ಕಲಂ 192ಎ(2)ರಂತೆ ತುರ್ತು ಬಳಕೆಯ ವರದಿ. ನಾನು ಇಂಥ ಸಂಖ್ಯೆಯ ಸರಕು ವಾಹನದ ಚಾಲಕ. ಇಂಥ ದಿನ ರಾತ್ರಿ ಇಷ್ಟು ಗಂಟೆಗೆ ನಮ್ಮ ಗ್ರಾಮದ ಇಂಥವರು ತೀವ್ರ ಅಸ್ವಸ್ಥರಾದ ಕಾರಣ, ಬೇರೆ ವಾಹನ ದೊರೆಯದೆ, ಅವರನ್ನೂ ಜೊತೆಗೆ ಇಬ್ಬರನ್ನೂ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ದಿರುತ್ತೇನೆ. ಯಾವುದೇ ಬಾಡಿಗೆ ಪಡೆದಿರುವುದಿಲ್ಲ. ಆಸ್ಪತ್ರೆಯ ಚೀಟಿಯ ಪ್ರತಿ ಲಗತ್ತಿಸಿದೆ.”

ಎರಡು ಪ್ರತಿ ಮಾಡಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಪೇಷಂಟ್ ಜೊತೆ ಒಬ್ಬರೋ ಇಬ್ಬರೋ ಇರಲಿ. ಓಣಿ ಪೂರ್ತಿ ಹತ್ತಿದರೆ ತುರ್ತು ಎಂಬುದನ್ನು ಯಾರೂ ನಂಬುವುದಿಲ್ಲ. ದುಡ್ಡಂತೂ ಮುಟ್ಟಲೇಬೇಡಿ, ಡೀಸೆಲ್‌ಗೆಂದು ಕೊಟ್ಟರೂ. ವಿಮೆಯ ಷರತ್ತು ಈ ಕಲಮಿನಿಂದ ಬದಲಾಗುವುದಿಲ್ಲ ಎಂಬುದೂ ನೆನಪಿರಲಿ. ತಪ್ಪುವುದು ಪರ್ಮಿಟ್ಟಿನ ಶಿಕ್ಷೆ ಮಾತ್ರ, ಆದ್ದರಿಂದ ನಿಧಾನ ಓಡಿಸಿ.

ಹೆಜ್ಜೆ 6: ಊರಲ್ಲಿ ನಿಲ್ಲಿಸುವುದು

ಹಳ್ಳಿ ರಸ್ತೆ ಹನ್ನೆರಡು ಚಕ್ರಕ್ಕೆ ಮಾಡಿದ್ದಲ್ಲ. ಬೆಸ್ಕಾಂ ತಂತಿ ಜೋತುಬಿದ್ದಿರುತ್ತದೆ. ಜಾತ್ರೆ ಸಮಯದಲ್ಲಿ ಸೀರಿಯಲ್ ಸೆಟ್ ಅಡ್ಡಡ್ಡ ಕಟ್ಟಿರುತ್ತಾರೆ. ಮೆಕ್ಕೆಜೋಳದ ಸುಗ್ಗಿಯಲ್ಲಿ ಅರ್ಧ ರಸ್ತೆಯಲ್ಲಿ ಕಾಳು ಹರವಿರುತ್ತಾರೆ, ಸುತ್ತ ಕಲ್ಲು ಇಟ್ಟಿರುತ್ತಾರೆ. ಕ್ಲೀನರನ್ನು ಇಳಿಸಿ ಮುಂದೆ ನಡೆಸಿ, ಅವನ ಹಿಂದೆ ಹೋಗಿ.

ರಸ್ತೆಯಲ್ಲಿ ಬೇರೆಯವರಿಗೆ ಅಪಾಯವಾಗುವಂತೆ ನಿಲ್ಲಿಸಬಾರದು ಎಂದು ಕಲಂ 122 ಹೇಳುತ್ತದೆ. ಸಾರ್ವಜನಿಕ ದಾರಿಗೆ ಅಡ್ಡಿ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 285ರಲ್ಲಿ 5,000 ರೂಪಾಯಿವರೆಗೆ ದಂಡ. ರಾಷ್ಟ್ರೀಯ ಹೆದ್ದಾರಿ 48ರ ಪಕ್ಕ, ಆನಗೋಡು, ಭರಮಸಾಗರದ ಸರ್ವಿಸ್ ರಸ್ತೆಗಳಲ್ಲಿ ‘ಮನೆ ಇಲ್ಲೇ ಹತ್ರ’ ಅಂತ ರಾತ್ರಿಯಿಡೀ ಲೈಟಿಲ್ಲದೆ ಬಿಟ್ಟು ಹೋಗುವುದು ಅತಿ ಕೆಟ್ಟ ಚಾಳಿ. ಕತ್ತಲಲ್ಲಿ ಬೈಕ್ ಬಂದು ಹಿಂದೆ ಗುದ್ದಿದರೆ, ನೀವು ಮನೆಯಲ್ಲಿ ಮಲಗಿದ್ದರೂ ಕೇಸು ನಿಮ್ಮ ಮೇಲೆ. ಸ್ಥಳ ಇಲ್ಲದಿದ್ದರೆ ಗೊತ್ತಿರುವ ಬಂಕ್‌ನವರನ್ನು ಕೇಳಿ ಅಲ್ಲಿ ಬಿಡಿ.

ನಿಲ್ಲಿಸಿದ ಮೇಲೆ ಹ್ಯಾಂಡ್ ಬ್ರೇಕ್, ಗೇರ್, ಇಳಿಜಾರಿದ್ದರೆ ಚಕ್ರಕ್ಕೆ ಕಲ್ಲು. ಬೆಳಿಗ್ಗೆ ಹೊರಡುವಾಗ ಆ ಕಲ್ಲನ್ನು ರಸ್ತೆಯಿಂದ ತೆಗೆದು ಪಕ್ಕಕ್ಕೆ ಹಾಕಿ. ಅದನ್ನು ಅಲ್ಲೇ ಬಿಟ್ಟು ಹೋಗುವವರು ಹಿಂದೆ ಬರುವ ಬೈಕಿನವನ ಪ್ರಾಣ ತೆಗೆಯುತ್ತಾರೆ. ಕೀ ನಿಮ್ಮ ಜೇಬಲ್ಲಿರಲಿ, ಅಳಿಯನ ಕೈಗೆ, ತಮ್ಮನ ಕೈಗೆ ಬೇಡ.

ಹೆಜ್ಜೆ 7: ಕುಡಿತ, ನಿದ್ದೆ

ಕುಡಿತಕ್ಕೆ ಭಾನುವಾರದ ರಿಯಾಯಿತಿ ಇಲ್ಲ. 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ. ದಾಟಿದರೆ ಮೊದಲ ಸಲ 10,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಅಥವಾ ಎರಡೂ. ರಾತ್ರಿ ಹಬ್ಬದಲ್ಲಿ ಕುಡಿದದ್ದು ಬೆಳಗಿನ ಜಾವ ಊದಿದಾಗಲೂ ತೋರಿಸಬಹುದು.

ನಿದ್ದೆಯ ವಿಷಯ ಇನ್ನೂ ಗಂಭೀರ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಹಾಕಿಕೊಟ್ಟ ಲೆಕ್ಕ ಹೀಗಿತ್ತು: ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ, 5 ಗಂಟೆ ಕೆಲಸದ ಮೇಲೆ ಕನಿಷ್ಠ ಅರ್ಧ ಗಂಟೆ ಬಿಡುವು, ಒಂದು ದಿನದ ಡ್ಯೂಟಿಗೂ ಮರುದಿನದ ಡ್ಯೂಟಿಗೂ ನಡುವೆ ಸತತ 9 ಗಂಟೆ ವಿಶ್ರಾಂತಿ. ಈ ಕಾಯ್ದೆ 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಯೊಳಗೆ ಸೇರಿದೆ. ದಿನಕ್ಕೆ 8 ಗಂಟೆ, ವಾರಕ್ಕೊಂದು ರಜೆ ಅಲ್ಲೂ ಇವೆ. ಊರಿಗೆ ಓಡಿಸಿದ ಹೊತ್ತನ್ನು ನಮ್ಮಲ್ಲಿ ಯಾವ ಯಂತ್ರವೂ ಲೆಕ್ಕ ಇಡುವುದಿಲ್ಲ, ಆದರೆ ಕಣ್ಣು ಇಡುತ್ತದೆ. ಭಾನುವಾರ ರಾತ್ರಿ ಹನ್ನೆರಡಕ್ಕೆ ಊರು ಬಿಟ್ಟು, ಮೂರಕ್ಕೆ ಯಾರ್ಡಿಗೆ ಬಂದು, ಆರಕ್ಕೆ ಲೋಡಿಗೆ ನಿಂತವನು ಸೋಮವಾರ ಮಧ್ಯಾಹ್ನ ಎಲ್ಲೋ ತೂಕಡಿಸುತ್ತಾನೆ. ಆ 9 ಗಂಟೆಯನ್ನು ಉಳಿಸಿಕೊಂಡು ವಾಪಸಾಗುವ ಸಮಯ ನಿಗದಿ ಮಾಡಿ. ಆಗದಿದ್ದರೆ ಲೋಡ್ ಎರಡು ಗಂಟೆ ತಡವಾಗಿ ಶುರು ಮಾಡುತ್ತೇನೆಂದು ಓನರ್‌ಗೆ ಮೊದಲೇ ಹೇಳಿ.

ಹೆಜ್ಜೆ 8: ಏನಾದರೂ ಆದರೆ

ಗಾಯಾಳು ಮೊದಲು. ಅವರಿಗೆ ಚಿಕಿತ್ಸೆ ಕೊಡಿಸುವುದು ಕಲಂ 134ರ ಪ್ರಕಾರ ಡ್ರೈವರಿನ ಕರ್ತವ್ಯ. ಜನ ಸೇರಿ ಹೊಡೆಯುವ ಪರಿಸ್ಥಿತಿ ಇದ್ದರೆ ಅಲ್ಲಿಂದ ಹೊರಟು ನೇರ ಹತ್ತಿರದ ಠಾಣೆಗೆ ಹೋಗಿ, 112ಕ್ಕೆ ಫೋನ್ ಮಾಡಿ. ಸ್ಥಳದಲ್ಲಿ ಪೊಲೀಸರಿಲ್ಲದಿದ್ದರೆ ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ ಠಾಣೆಗೆ ತಿಳಿಸಬೇಕು. ವಿಮೆ ಕಂಪನಿಗೂ ಬರಹದಲ್ಲಿ ತಿಳಿಸಬೇಕು. ಓಡಿಹೋದವರಿಗೆ 10 ವರ್ಷ ಎಂಬ, 2024ರ ಜನವರಿಯಲ್ಲಿ ಲಾರಿ ಮುಷ್ಕರಕ್ಕೆ ಕಾರಣವಾದ ನ್ಯಾಯ ಸಂಹಿತೆಯ 106(2) ಉಪಕಲಂ ಉಳಿದ ಸಂಹಿತೆಯ ಜೊತೆ ಜಾರಿಗೆ ಬರಲಿಲ್ಲ. ಆದರೆ 106(1), ಅಂದರೆ ನಿರ್ಲಕ್ಷ್ಯದಿಂದ ಸಾವು, 5 ವರ್ಷದವರೆಗೆ, ಜಾರಿಯಲ್ಲೇ ಇದೆ.

ಆಮೇಲೆ ಬರುವುದು ಸುಳ್ಳಿನ ಆಸೆ. ‘ಲೋಡಿಗೆ ಹೋಗ್ತಿದ್ದೆ ಅಂತ ಬರೆಸು’ ಎಂದು ಯಾರಾದರೂ ಸಲಹೆ ಕೊಟ್ಟೇ ಕೊಡುತ್ತಾರೆ. ಫಾಸ್ಟ್ಯಾಗ್‌ನಲ್ಲಿ ಟೋಲ್ ದಾಟಿದ ಗಂಟೆ ನಿಮಿಷ ಇರುತ್ತದೆ, ಗಾಡಿಗೆ ಜಿಪಿಎಸ್ ಇರುತ್ತದೆ, ನಿಮ್ಮ ಫೋನ್ ಯಾವ ಟವರಿನಲ್ಲಿತ್ತು ಎಂಬುದೂ ಸಿಗುತ್ತದೆ. ಒಪ್ಪಿಗೆ ಇತ್ತು, ಪರ್ಮಿಟ್ ಇತ್ತು, ಖಾಲಿ ಗಾಡಿ, ಊರಿಗೆ ಹೊರಟಿದ್ದೆ ಎಂಬ ಸತ್ಯದಿಂದ ಮೂರನೆಯವರ ಪರಿಹಾರಕ್ಕೆ ಧಕ್ಕೆ ಇಲ್ಲ. ಸುಳ್ಳು ಹೇಳಿ ಸಿಕ್ಕಿಬಿದ್ದರೆ ಮಾತ್ರ ಕಂಪನಿಗೆ ತಕರಾರು ತೆಗೆಯಲು ಒಳ್ಳೆ ಕಾರಣ ಸಿಕ್ಕಂತಾಗುತ್ತದೆ. ಪರ್ಮಿಟ್ಟೇ ಇಲ್ಲದಿದ್ದರೆ ಕಥೆ ಬೇರೆ. ಅದು ಪಾಲಿಸಿಯ ಮೂಲ ಷರತ್ತಿನ ಉಲ್ಲಂಘನೆ ಎಂದು ಸುಪ್ರೀಂ ಕೋರ್ಟ್ 2018ರ ಅಮೃತ್ ಪಾಲ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಕಂಪನಿ ಕೊಟ್ಟದ್ದನ್ನು ಓನರಿಂದ ವಸೂಲಿ ಮಾಡುತ್ತದೆ.

ಡ್ರೈವರ್ ಮನೆಯವರು ತಿಳಿದಿರಬೇಕಾದ ಒಂದು ಕಹಿ ಮಾತು. ಡ್ಯೂಟಿಯಲ್ಲಿ ಸತ್ತರೆ, ಕೈಕಾಲು ಹೋದರೆ ಕಾರ್ಮಿಕ ಪರಿಹಾರ ಸಿಗುತ್ತದೆ, ಆದರೆ ಅದಕ್ಕೆ ಅಪಘಾತ ಕೆಲಸದ ಸಲುವಾಗಿ, ಕೆಲಸದ ಅವಧಿಯಲ್ಲಿ ಆಗಿರಬೇಕು. ಊರ ಹಬ್ಬಕ್ಕೆ ಹೊರಟಾಗ ಆದರೆ ಈ ಹಕ್ಕು ಡೋಲಾಯಮಾನ. ಅದಕ್ಕೇ ಡ್ರೈವರುಗಳು ತಮ್ಮ ಹೆಸರಿನಲ್ಲೇ ಒಂದು ಅಪಘಾತ ವಿಮೆ ಇಟ್ಟುಕೊಳ್ಳಬೇಕು. ಬ್ಯಾಂಕ್ ಖಾತೆಗೆ ಜೋಡಿಸುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ, ಸತ್ತರೆ 2 ಲಕ್ಷ. ಡ್ಯೂಟಿಯೋ ರಜೆಯೋ ಎಂದು ಅದು ಕೇಳುವುದಿಲ್ಲ. ಎರಡು ಲಕ್ಷ ದೊಡ್ಡ ಮೊತ್ತವಲ್ಲ. ದುಡಿಯುವ ಒಬ್ಬನೇ ಇರುವ ಮನೆಗೆ ಅದರ ಮೇಲೆ ಇನ್ನೊಂದು ಪಾಲಿಸಿ ಬೇಕು.

ಓನರುಗಳಿಗೆ

ಎರಡೇ ಗಾಡಿ ಇದ್ದರೂ ಸರಿ, ಅರ್ಧ ಪುಟದ ಒಂದು ನಿಯಮ ಬರೆದು ಆಫೀಸಿನ ಗೋಡೆಗೆ ಅಂಟಿಸಿ, ಡ್ರೈವರಿಂದ ಸಹಿ ಮಾಡಿಸಿ. ಸ್ವಂತ ಓಡಾಟಕ್ಕೆ ಗಾಡಿ ಕೊಡುತ್ತೀರೋ ಇಲ್ಲವೋ, ಕೊಟ್ಟರೆ ಎಷ್ಟು ಕಿ.ಮೀ., ಖಾಲಿ ಇದ್ದಾಗ ಮಾತ್ರ, ಯಾರನ್ನೂ ಹತ್ತಿಸಬಾರದು, ರಾತ್ರಿ ಎಷ್ಟು ಗಂಟೆ ಮೇಲೆ ಓಡಿಸಬಾರದು, ಡೀಸೆಲ್ ಯಾರದ್ದು. ‘ಕೊಡುವುದೇ ಇಲ್ಲ’ ಎಂದು ಬರೆಯುವುದು ಸುಲಭ, ಆದರೆ ಹಾಗೆ ಬರೆದು, ಡ್ರೈವರ್ ಒಯ್ದಾಗ ಗೊತ್ತಿದ್ದೂ ಸುಮ್ಮನಿದ್ದರೆ ಆ ಕಾಗದಕ್ಕೆ ಬೆಲೆ ಇಲ್ಲ. ನಿಜವಾಗಿ ಪಾಲಿಸುವಷ್ಟನ್ನೇ ಬರೆಯಿರಿ. ಡ್ರೈವರ್ ಬಿಹಾರ, ಉತ್ತರ ಪ್ರದೇಶದವನಾಗಿದ್ದರೆ ಅದೇ ಹಾಳೆಯ ಹಿಂಬದಿಯಲ್ಲಿ ಹಿಂದಿಯಲ್ಲೂ ಬರೆಸಿ, ಅದಕ್ಕೂ ಸಹಿ ಹಾಕಿಸಿ.